ಕಪ್ಪು ತುಂಡಿನ ಕೌದಿ

ನನ್ನ ಟ್ರಂಕಿನ ಮುಚ್ಚಳ ತೆರೆದರೆ ಒಣಗಿದ ಬೇವಿನೆಲೆಯ ಜೊತೆಗೆ ಹಳೆಯ ನೂಲಿನ ಸೀರೆಗಳ ವಾಸನೆ ಬರುತ್ತದೆ. ಜಗಳೂರಿನಲ್ಲಿದ್ದ ದೊಡ್ಡವ್ವನ ಮನೆಯ ವಾಸನೆ ಅದು. ದೊಡ್ಡವ್ವ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಬೇಸಿಗೆ ರಜೆಗೆ ಹೊನ್ನಾಳಿಯಿಂದ ಹೋಗುತ್ತಿದ್ದ ನಾನು ಅವಳ ಮಗ್ಗುಲಲ್ಲೇ ಕೂತು, ಅವಳಂತೆಯೇ ಸೂಜಿ ಹಿಡಿದು, ಅವಳು ಕೆಂಪಿನ ಪಕ್ಕ ಹಳದಿ ಇಟ್ಟರೆ ನಾನೂ ಹಳದಿಯನ್ನೇ ಇಡುತ್ತಿದ್ದೆ. ತಪ್ಪಿದರೆ ಅವಳು ಬೈಯುತ್ತಿರಲಿಲ್ಲ; ಬ್ಲೇಡು ತೆಗೆದು ನನ್ನ ಇಡೀ ದಿನದ ಹೊಲಿಗೆಯನ್ನು ಬಿಚ್ಚಿಹಾಕುತ್ತಿದ್ದಳು.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಪಕ್ಕದ ಮನೆಯ ಹಸುಗೂಸಿಗೆಂದು ಹೊಲಿಯುತ್ತಿದ್ದ ಕೌದಿಯನ್ನು ಅರ್ಧಕ್ಕೆ ಬಿಟ್ಟು ದೊಡ್ಡವ್ವ ನೆಂಟರ ಮದುವೆಗೆಂದು ಚನ್ನಗಿರಿಗೆ ಹೊರಟಳು. "ಅಂಚಷ್ಟೇ ಹೊಲಿ. ನಡುವಿಗೆ ಕೈ ಹಾಕಬ್ಯಾಡ," ಎಂದಳು. ಎರಡನೆಯ ದಿನ ಚಿಂದಿ ಗಂಟಿನಲ್ಲಿ ಕಪ್ಪು ಸೀರೆಯ ತುಂಡೊಂದು ಸಿಕ್ಕಿತು. ಕೂಸಿನ ಕೌದಿಗೆ ಕಪ್ಪು ಹಾಕಬಾರದು ಎಂದು ಅವಳೇ ಹೇಳಿದ್ದಳು. ಆದರೂ ಹಳದಿಯ ಮೇಲಿಟ್ಟು ನೋಡಿದೆ, ಕಣ್ಣು ಕೀಳಲಾಗಲಿಲ್ಲ. ನಟ್ಟನಡುವೆ ಇಟ್ಟು, ಸುತ್ತಲೂ ಸಾಲುಗಳನ್ನು ಅಲೆಯಂತೆ ಬಳುಕಿಸಿ ಹೊಲಿದೆ. ಕೊನೆಯ ಗಂಟು ಹಾಕಿದ ಮೇಲೆ ಭಯ ಹಿಡಿಯಿತು. ಬಿಚ್ಚೋಣವೆಂದು ಬ್ಲೇಡು ಎತ್ತಿಕೊಂಡೆ, ಕೈ ಬರಲಿಲ್ಲ. ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಬಾಗಿಲಿಗೆ ಓಡಿ ನೋಡುತ್ತಿದ್ದೆ.

ಬಂದವಳು ಕೌದಿಯನ್ನು ಬಾಗಿಲ ಬೆಳಕಿಗೆ ಹರಡಿದಳು.

"ಯಾರು ಹೇಳಿಕೊಟ್ರೇ ಇದನ್ನ?"

"ಯಾರೂ ಇಲ್ಲ, ದೊಡ್ಡವ್ವ. ನಂಗೆ ಹಿಂಗೇ ಚಂದ ಕಾಣ್ತು."

ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಹರಿದಾಡಿತು.

"ನಂಗೆ ಚಂದ ಕಾಣಂಗಿಲ್ಲ," ಎಂದಳು. "ಆದ್ರೆ ಹೊಲಿಗೆ ಗಟ್ಟಿ ಐತೆ. ಬಿಚ್ಚಾಕೆ ಮನಸ್ಸು ಬರಂಗಿಲ್ಲ. ಇದು ನಿಂಗೇ ಇರ್ಲಿ, ಕೂಸಿಗೆ ಬ್ಯಾರೆ ಹೊಲಿತೀನಿ."

ಅವತ್ತೇ ಹೊಸ ಬಟ್ಟೆ ಹರಡಿಕೊಂಡಳು. ನನ್ನನ್ನು ಮಗ್ಗುಲಿಗೆ ಕರೆಯಲಿಲ್ಲ; ಎದುರಿಗೆ ಬೇರೆ ಚಾಪೆ ಹಾಸಿಕೊಟ್ಟಳು. ಅವಳು ಅದನ್ನು ಬಿಚ್ಚಿದ್ದರೆ ನಾನು ಅತ್ತು, ಮರುದಿನ ಅವಳಂತೆಯೇ ಹೊಲಿಯುತ್ತಿದ್ದೆ. ಇನ್ನು ಯಾವ ಬಣ್ಣದ ಪಕ್ಕ ಯಾವುದೆಂದು ಅವಳು ಹೇಳುವುದಿಲ್ಲ ಎಂದು ಹೊಳೆದಾಗ ಆದ ಹೆದರಿಕೆಯೇ ಬೇರೆ. ಆ ಚಾಪೆಯ ಮೇಲೆ ತುಂಬ ಹೊತ್ತು ಖಾಲಿ ಕೈಯಲ್ಲಿ ಕೂತಿದ್ದೆ.

ದೊಡ್ಡವ್ವ ಹೋಗಿ ವರ್ಷಗಳಾದವು. ಆ ಮನೆಯಿದ್ದಲ್ಲಿ ಈಗ ಮೊಬೈಲ್ ಅಂಗಡಿ. ನಿಮಗೂ ಅಂಥ ಒಬ್ಬರು ಇದ್ದಿರಬಹುದು. ನಾನು ಈಗ ಹೊಲಿಯುವ ಕೌದಿಗಳನ್ನು ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಚಂದವಿಲ್ಲ ಎಂದು ಮುಖಕ್ಕೇ ಹೇಳಿ, ಆದರೂ ಬಿಚ್ಚದೆ ನನ್ನ ಕೈಗಿಡುವವರು ಯಾರೂ ಉಳಿದಿಲ್ಲ.