ಪಡಸಾಲೆಯ ಗೋಡೆಯೊಳಗೊಂದು ಒಲೆ

ಮಳೆಗೆ ನಡುಗುತ್ತಿದ್ದ ಎಳೆ ಕುರಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಹರಪನಹಳ್ಳಿಯ ಚರ್ಚಿಗೆ ಅಂಟಿಕೊಂಡಿರುವ ಬಿಳಿಯರ ಕಾಲದ ಬಂಗಲೆಗೆ ನುಗ್ಗಿದೆ. ಪಡಸಾಲೆಯ ಗೋಡೆಯಲ್ಲಿ ಕಮಾನಿನ ದೊಡ್ಡ ಗೂಡಿತ್ತು. ದೇವರ ಗೂಡೆಂದು ಕೈಮುಗಿದೆ. ಪಾದ್ರಿಯ ಹೆಂಡತಿ ನಕ್ಕಳು.

“ಅಯ್ಯ ಅಜ್ಜೀ, ಅದು ಒಲಿ ರೀ! ದೊರಿಗಳು ಚಳಿ ಕಾಸ್ಕೊಳ್ಳಾಕ ಕಟ್ಟಿಸ್ಯಾರ.”

“ಈ ಬಿಸಿಲೂರಾಗ? ಅವ್ರಿಗೇನು ತಲಿ ಕೆಟ್ಟಿತ್ತೇನವ್ವ?”

ಮರಿ ಕಣ್ಣು ಮುಚ್ಚತೊಡಗಿತ್ತು. ಆಕೆ ಅಲ್ಲೇ ಕಟ್ಟಿಗೆ ಹೊತ್ತಿಸಿದಳು. ಕೋಣೆಗೆ ಒಂದಿಷ್ಟೂ ಹೊಗೆ ಬರಲಿಲ್ಲ. ಎಲ್ಲಿ ಹೋಯಿತೆಂದು ಹೊರಗೆ ಹೋಗಿ ನೋಡಿದರೆ, ಹೆಂಚಿನ ಮೇಲೆದ್ದ ಇಟ್ಟಿಗೆಯ ಕಂಬದ ತುದಿಯಿಂದ ಏಳುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಮರಿ ಕಾಲೂರಿ ನಿಂತಿತ್ತು.

ನನ್ನ ರೊಟ್ಟಿ ಒಲೆಯ ಹೊಗೆಗೂ ಗೋಡೆಯೊಳಗೆ ಹಾಗೇ ದಾರಿ ಮಾಡಿಕೊಡೆಂದು ಮಗನ ಬೆನ್ನು ಹತ್ತಿದ್ದೇನೆ. ಈಗಂತೂ ಅದು ನನ್ನ ಕಣ್ಣೊಳಗಿಂದಲೇ ಹೊರಗೆ ಹೋಗುತ್ತದೆ.