ವಾಪಸು ಬಂದ ಗಣಪತಿ

ಚೌತಿಯಾದ ಐದನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಪಾರ್ಸೆಲ್ ಗಾಡಿಯವನು ಕಿಟ್ಟಣ್ಣನ ಶೆಡ್ಡಿನ ಬಾಗಿಲಲ್ಲಿ ಒಂದು ದೊಡ್ಡ ಡಬ್ಬ ಇಳಿಸಿ ಹೋದ. ಡಬ್ಬ ನಮ್ಮದೇ. ಮೂಲೆಗೆ ಅಂಟುಪಟ್ಟಿ ಹಚ್ಚಿದವಳು ನಾನೇ. ಕಿಟ್ಟಣ್ಣ ಬಿಚ್ಚಿದ. ಒಳಗಿದ್ದದ್ದು ಎರಡು ಅಡಿಯ ಗಣಪತಿ, ಈ ವರ್ಷ ಅವನು ಮಾಡಿದ್ದರಲ್ಲೇ ದೊಡ್ಡದು. ಜೊತೆಗೆ ಒಂದು ಚೀಟಿ. ಕೊಂಡ ಸಾಮಾನು ವಾಪಸು ಕಳಿಸುವುದಕ್ಕೆ ಇಲ್ಲಿಯವರು ರೆಟೂರ್ ಎನ್ನುತ್ತಾರೆ. ಅದಕ್ಕೆ ಕಾರಣವೇನೆಂದು ಕೇಳಿದ ಕಡೆ, ‘ನಿರೀಕ್ಷಿಸಿದಂತೆ ಇಲ್ಲ’ ಎಂಬುದಕ್ಕೆ ಗುರುತು ಹಾಕಿದ್ದಾರೆಂದು ಕಿಟ್ಟಣ್ಣ ನನಗೆ ಓದಿ ಹೇಳಿದ.

ನಾನು ಮೂರ್ತಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಣೆಯ ಬಣ್ಣ ಉಜ್ಜಿ ಉಜ್ಜಿ ಮಾಸಿತ್ತು. ಎಡಗಿವಿಯ ಹಿಂದೆ ಮೂರು ಅಕ್ಷತೆ ಕಾಳು. ಸೊಂಡಿಲ ಮಡಿಕೆಯಲ್ಲಿ ಒಣಗಿದ ಗರಿಕೆ. ಹೊಟ್ಟೆಯ ಮೇಲೆ ತುಪ್ಪದ ಜಿಡ್ಡು. ಡಬ್ಬದ ತಳದಲ್ಲಿ ಕುಂಕುಮ ಹತ್ತಿದ ನಾಲ್ಕು ಒದ್ದೆ ಕಾಗದ ಬಿದ್ದಿದ್ದವು, ಮಕ್ಕಳ ಅಂಡು ಒರೆಸುವ ಪರಿಮಳದ ಕಾಗದ. ಅದರಲ್ಲಿ ದೇವರ ಮುಖ ಒರೆಸಿದ್ದರು. ನಾನು ಹತ್ತಿಯಲ್ಲಿ ಮಾಡಿಕೊಟ್ಟ ಗೆಜ್ಜೆವಸ್ತ್ರದ ಹಾರ ಮಾತ್ರ ವಾಪಸು ಬಂದಿರಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಎರಡು ಸಲ ಕೈ ತೊಳೆದು ಬಂದೆ.

ಕಿಟ್ಟಣ್ಣ ಕಾರ್ಕಳದವನು. ವಯಸ್ಸು ಐವತ್ತೊಂದು. ತಂದೆ ಕಲ್ಲು ಕೆತ್ತುತ್ತಿದ್ದರು, ಇವನ ಕೈಗೆ ಮಣ್ಣು ಒಲಿಯಿತು. ಹೆಂಡತಿ ಶುಭಾ ನರ್ಸ್ ಕೆಲಸಕ್ಕೆ ಡಚ್ಚರ ಈ ದೇಶಕ್ಕೆ ಬಂದಾಗ ಜೊತೆಗೆ ಬಂದ. ವೆಲ್ಡ್‌ಹೋವನ್ ಊರಾಚೆ ಒಬ್ಬ ರೈತನ ದನದ ಶೆಡ್ ಬಾಡಿಗೆಗೆ ಹಿಡಿದು ಹನ್ನೆರಡು ವರ್ಷವಾಯಿತು. ಹೋಟೆಲಿನಲ್ಲಿ ಅಡುಗೆಗಿದ್ದ ನನ್ನ ಯಜಮಾನರು ತೀರಿಹೋದ ಮೇಲೆ ನಾನೂ ಅಲ್ಲಿಗೆ ಮಣ್ಣು ಜರಡಿ ಹಿಡಿಯಲು, ನಾದಲು ಹೋಗತೊಡಗಿದೆ.

ಆಗ ಕೈತುಂಬ ಕೆಲಸವಿತ್ತು. ಇಲ್ಲಿಯ ಚಿಪ್ ಯಂತ್ರದ ಕಾರ್ಖಾನೆಯಲ್ಲಿದ್ದು ಹೊಸ ಮನೆ ಕೊಂಡ ನಮ್ಮ ಇಂಜಿನಿಯರುಗಳು ಊರಲ್ಲಿರುವ ತಂದೆತಾಯಿಯ ಮುಖ ಮಣ್ಣಿನಲ್ಲಿ ಮಾಡಿಸುತ್ತಿದ್ದರು, ಬಾಗಿಲಿಗೆ ಹೆಸರಿನ ಫಲಕ ಮಾಡಿಸುತ್ತಿದ್ದರು. ಡಚ್ಚರೂ ಬರುತ್ತಿದ್ದರು. ಒಬ್ಬ ಹಲ್ಲಿನ ಡಾಕ್ಟರು ಸತ್ತ ನಾಯಿಯನ್ನು ಮಾಡಿಸಿಕೊಂಡು, ಅದರ ತಲೆ ಸವರಿ ಇಲ್ಲೇ ನಿಂತು ಅತ್ತಿದ್ದ. ಹೋದ ವರ್ಷ ಆ ಕಾರ್ಖಾನೆಯಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಾರಂತೆ ಎಂಬ ಮಾತು ಹಬ್ಬಿತು. ಮೊದಲು ತಂದೆತಾಯಿಯ ಮುಖಗಳು ನಿಂತವು. ಆಮೇಲೆ ಫಲಕ. ಹಲ್ಲಿನ ಡಾಕ್ಟರೂ ಇನ್ನೊಂದು ನಾಯಿ ಬೇಡವೆಂದ. ಕೊನೆಗೆ ಉಳಿದದ್ದು ಚೌತಿಯ ಗಣಪತಿಯೊಂದೇ.

ಕೆಲಸ ಕಳೆದುಕೊಂಡವರ ಮೇಲೆ ನನಗೆ ಏನೂ ಇಲ್ಲ. ಅವರಿಗೆ ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಅಂಥ ಒಬ್ಬಳು, ಸಿಂಧೂರ ಎಂಬ ಹುಡುಗಿ, ಸೈಕಲ್ಲಿನಲ್ಲಿ ಮಳೆಯಲ್ಲೇ ಬಂದು, ಈ ವರ್ಷ ಬೇಡವೆಂದು ಹೇಳುವುದಕ್ಕೆ ನಾಚಿ ಅರ್ಧ ಗಂಟೆ ನಿಂತಿದ್ದಳು. ನನಗೆ ಹೇಸಿಗೆ ಹುಟ್ಟಿಸಿದವರು ಕೆಲಸ ಭದ್ರವಾಗಿದ್ದವರು. ಇಂಥ ಕಾಲ ಬಂತಲ್ಲ ಎಂದು ಮುಖ ಸಣ್ಣದು ಮಾಡಿ ಬರುತ್ತಿದ್ದರು. ಚಹಾ ಕುಡಿಯುತ್ತಿದ್ದರು. ಮೂರ್ತಿಯ ನಾಲ್ಕೂ ದಿಕ್ಕಿನ ಫೋಟೋ ಹಿಡಿದುಕೊಂಡು, ಆಫೀಸಿನ ತ್ರೀ ಡಿ ಪ್ರಿಂಟ್ ಯಂತ್ರದಲ್ಲಿ ಇಂಥದ್ದೇ ಪ್ಲಾಸ್ಟಿಕ್ಕಿನದು ತೆಗೆಸಿಕೊಳ್ಳುತ್ತೇವೆ ಎಂದು ಕಿಟ್ಟಣ್ಣನ ಎದುರಿಗೇ ಹೇಳಿ ಹೋಗುತ್ತಿದ್ದರು.

ಶೆಡ್ ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ಸೆಪ್ಟೆಂಬರ್ ಮುಗಿಯುವುದರೊಳಗೆ ಮುಂಗಡದ ಜೊತೆ ಬಂದು ಹೇಳು ಎಂದು ರೈತ ಹೇಳಿಬಿಟ್ಟಿದ್ದ. ಆ ಮುಂಗಡಕ್ಕೆಂದು ಕಿಟ್ಟಣ್ಣ ಎತ್ತಿಟ್ಟದ್ದು ಈ ದೊಡ್ಡ ಗಣಪತಿಯ ಹಣವನ್ನು. ಈಗ ಆ ಗಣಪತಿಯೇ ತಿರುಗಿ ಬಂದಿತ್ತು.

ಕಳಿಸಿದವನು ಶ್ರೀಕರ. ಮೈಸೂರಿನವನು. ಕೆಲಸ ಹೋಗಿಲ್ಲ, ಯುಗಾದಿಯ ಹೊತ್ತಿಗೆ ಹೊಸ ಕಾರು ಬೇರೆ ಬಂದಿದೆ. ಕಿಟ್ಟಣ್ಣ ಅವನಿಗೆ ಫೋನ್ ಮಾಡಿ, ಕೈ ಮಣ್ಣಾಗಿದ್ದರಿಂದ ಫೋನನ್ನು ಹಲಗೆಯ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದ.

“ಸರ್, ಇದಕ್ಕೆ ಪೂಜೆ ಆಗಿದೆ ಅಲ್ದಾ?”

“ನೋಡಿ ಕಿಟ್ಟಣ್ಣ, ಫೋರ್ಟೀನ್ ಡೇಸ್ ಒಳಗೆ ರಿಟರ್ನ್ ಮಾಡಿದೀನಿ. ಇಲ್ಲಿ ರೂಲ್ ಇದೆ. ಒಂದು ಕೋಟ್ ಪೇಂಟ್ ಹೊಡೆದ್ರೆ ಮುಂದಿನ ಕಸ್ಟಮರ್‌ಗೆ ಹೊಸದೇ ಅಲ್ವಾ?”

“ವಿಸರ್ಜನೆ ಮಾಡ್ಲಿಲ್ವಾ ನೀವು?”

ಆ ಕಡೆಯಿಂದ ಅವನ ಹೆಂಡತಿ ಮೈಥಿಲಿಯ ದನಿ ಬಂತು. “ಮನಸ್ಸಲ್ಲೇ ಮಾಡಿದೀವಿ ಅಂತ ಹೇಳಿ ರೀ.”

ಕಿಟ್ಟಣ್ಣ ಕೈ ತೊಳೆದುಕೊಂಡ. ಹಣ ವಾಪಸು ಹಾಕಿದ. ಹಾಕದಿದ್ದರೆ ಇಂಟರ್ನೆಟ್ಟಿನಲ್ಲಿ ಅಂಗಡಿಯ ಹೆಸರಿಗೆ ಕೆಟ್ಟದಾಗಿ ಬರೆಯುತ್ತಾರೆಂದು ಅವನಿಗೆ ಹೆದರಿಕೆ.

ಅದರ ಮಾರನೆಯ ದಿನ ಆಮರ್ಸ್‌ಫೋರ್ಟಿನಿಂದ ಕರೆ ಬಂತು. ಅಲ್ಲಿನ ನಮ್ಮವರ ಸಂಘಕ್ಕೆ ಮರು ಶನಿವಾರ ಗಣೇಶೋತ್ಸವ. ಈ ದೇಶದಲ್ಲಿ ರಜೆ ನೋಡಿ ಹಬ್ಬ ಮಾಡುತ್ತಾರೆ. ಎರಡು ಅಡಿಯ ಮಣ್ಣಿನ ಮೂರ್ತಿ ಬೇಕಂತೆ. ಇಲ್ಲಿಯ ಥಂಡಿ ಗಾಳಿಯಲ್ಲಿ ಅಷ್ಟು ದೊಡ್ಡದು ಒಣಗುವುದಕ್ಕೆ ಮೂರು ವಾರ ಬೇಕು. ಹೊಸದಾಗಿ ಮಾಡುವ ಮಾತೇ ಇಲ್ಲ. ಇರುವುದು ಇದೊಂದು. ಇದನ್ನು ಕೊಟ್ಟರೆ ಶೆಡ್ ಉಳಿಯುತ್ತದೆ. ಕಿಟ್ಟಣ್ಣ ಇದೆ ಎಂದುಬಿಟ್ಟ.

ಫೋನ್ ಇಟ್ಟು ಅವನು ಅರಿಸಿನದ ಬಣ್ಣ ಕಲಸಿದ. ಕಿವಿಯ ಹಿಂದಿನ ಅಕ್ಷತೆಯನ್ನು ಕಡ್ಡಿಯಿಂದ ಒಂದೊಂದಾಗಿ ಕೆದಕಿ ತೆಗೆದ. ಹಣೆಗೆ ಬಣ್ಣ ಬಳಿಯತೊಡಗಿದ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ಅವನ ಕೈ ಕೆಲಸ ನೋಡಿ ನನಗೆ ಅಸಹ್ಯವಾದದ್ದು ಆ ಒಂದು ದಿನ. ನನ್ನ ಕಡೆ ತಿರುಗದೆಯೇ, ಅಕ್ಕ, ಇದಕ್ಕೊಂದು ಗೆಜ್ಜೆವಸ್ತ್ರ ಆಗಬೇಕಿತ್ತು ಎಂದ.

“ಕೊಡುದಿಲ್ಲ,” ಎಂದೆ. “ಪೂಜೆ ಆದದ್ದು ಅಂತ ಹೇಳಿ ಮಾರುದಾದ್ರೆ ಮಾರು. ಮುಚ್ಚಿಟ್ಟು ಮಾರುದಕ್ಕೆ ನನ್ನ ಹತ್ತಿ ಇಲ್ಲ.”

ಅವನು ಕುಂಚ ಕೆಳಗಿಟ್ಟ. ನಿಮಗೆ ಹೇಳುವುದು ಸುಲಭ, ಬಾಡಿಗೆ ಕಟ್ಟುವವಳು ಶುಭಾ ಎಂದ. ಅದು ನಿಜ. ಆಮೇಲೆ ಅವನೇ ಫೋನನ್ನು ಮತ್ತೆ ಹಲಗೆಯ ಮೇಲಿಟ್ಟು, ಕರೆ ಮಾಡಿದ್ದ ಸಂಘದ ಆಶಿಷ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಇದು ಒಂದು ಮನೆಯಲ್ಲಿ ಪೂಜೆ ಆದ ಮೂರ್ತಿ, ನೀರಿಗೆ ಬಿಡದೆ ವಾಪಸು ಕಳಿಸಿದ್ದಾರೆ ಎಂದ.

ಆಶಿಷ್ ನಕ್ಕ. “ಅಯ್ಯೋ, ಅಷ್ಟೇನಾ? ಪರವಾಗಿಲ್ಲ ಬಿಡಿ, ಕಮಿಟೀಲಿ ಯಾರಿಗೂ ಹೇಳಲ್ಲ. ಯೂಸ್ಡ್ ಅಂದ್ಮೇಲೆ ಹಾಫ್ ರೇಟ್ ಮಾಡ್ಕೊಳ್ಳಿ. ಈ ಸಲ ಸ್ಪಾನ್ಸರ್ಸ್ ಎಲ್ಲ ಕೈ ಎತ್ತಿದಾರೆ. ನಮ್ಮ ಪೂಜೆ ಆದ್ಮೇಲೆ ಬೇಕಾದ್ರೆ ನಿಮಗೇ ವಾಪಸ್ ಕೊಡ್ತೀವಿ, ಇನ್ನೊಬ್ರಿಗೆ ಆಗುತ್ತೆ.”

ಕಿಟ್ಟಣ್ಣ ಫೋನ್ ಆರಿಸಿದ. ಕುಂಚ ತೊಳೆದಿಟ್ಟ. ಮಣ್ಣು ನೆನೆಹಾಕುವ ನೀಲಿ ಬಾನಿಯನ್ನು ಅಂಗಳಕ್ಕೆ ಎಳೆದು, ಪೈಪಿನಿಂದ ನೀರು ತುಂಬಿಸಿದ. ಇಬ್ಬರೂ ಸೇರಿ ಮೂರ್ತಿ ಎತ್ತಿದೆವು. ಬೇಲಿಯಾಚೆ ರೈತನ ದನಗಳು ತಲೆ ಎತ್ತಿ ನೋಡಿದವು. ಅವನಿಗೆ ಮಂತ್ರ ಬಾರದು, ನನಗೂ ಬಾರದು. ಹೋಗಿ ಬಾ ಎಂದು ನಾನೇ ಹೇಳಿದೆ. ಮೊದಲು ಸೊಂಡಿಲು ಸಡಿಲಾಯಿತು. ಪೂರ್ತಿ ಕರಗಲು ಎರಡೂವರೆ ಗಂಟೆ ಹಿಡಿಯಿತು. ತುಪ್ಪದ ಜಿಡ್ಡು ಮಾತ್ರ ನೀರ ಮೇಲೆ ತೇಲುತ್ತ ಉಳಿಯಿತು. ಅದನ್ನು ನಾನು ಹಳೆಯ ಬಟ್ಟೆಯಿಂದ ತೆಗೆದು ಎಸೆದೆ.

ಸೋಮವಾರ ಅವನು ರೈತನಿಗೆ ಬೀಗದ ಕೈ ಕೊಟ್ಟ. ಈಗ ಐಂಡ್‌ಹೋವನ್‌ನಲ್ಲಿ ಸ್ನಾನದ ಮನೆಗಳ ಗೋಡೆಗೆ ಗಾರೆ ಮಾಡುತ್ತಾನೆ.

ಮೊನ್ನೆ ಭಾನುವಾರ ನಮ್ಮ ಮನೆಗೆ ಬಂದಿದ್ದ. ಫೋನ್ ತೆಗೆದು ಶ್ರೀಕರನ ಹೆಂಡತಿ ಮೈಥಿಲಿ ಬರೆದದ್ದನ್ನು ಓದಿದ. ಮುಂದಿನ ವರ್ಷಕ್ಕೆ ಅವರಿಗೆ ಒಂದು ಅಡಿಯದು ಸಾಕಂತೆ, ಹಳೇ ಗಿರಾಕಿ ಅಂತ ರೇಟು ನೋಡಿ ಹಾಕಬೇಕಂತೆ. ಅಳಿಸು ಅದನ್ನು ಎಂದೆ.

“ಆಗ್ಲಿ ಅಂತ ಬರ್ದೆ ಅಕ್ಕ,” ಎಂದ. “ಕಾಲ ಸರಿ ಆದ್ರೆ ಇವ್ರೇ ಅಲ್ವಾ ಬರುದು.”

ನಾನು ಅವನಿಗೆ ಕಾಫಿ ಮಾಡಲು ಎದ್ದೆ. ಅವನು ನನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಉಗುರಿನ ಸಂದಿಯ ಸಿಮೆಂಟನ್ನು ಕೆರೆಯುತ್ತಿದ್ದ. ಅದು ಬರಲಿಲ್ಲ.