ಸವಿತಳ ಹೊಸಿಲಿಗೆ ಬಂದ ಎರೆಹುಳುಗಳು

ಮಾಟ, ದೃಷ್ಟಿ, ಶಾಪ ಎಂಬ ಮಾತು ಬಂದರೆ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಗದೆ ಇನ್ನೇನು ಮಾಡಿಯಾಳು? ಮಳೆ ಬಂದಾಗ ಎರೆಹುಳುಗಳು ಯಾಕೆ ಮೇಲೆ ಬರುತ್ತವೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಬಿಲದಲ್ಲಿ ನೀರು ತುಂಬಿ ಉಸಿರಾಟಕ್ಕೆ ಕಷ್ಟವಾಗುತ್ತದೆ, ಅದಕ್ಕೆ ಬರುತ್ತವೆ, ಅಷ್ಟೆ. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಮೊದಲಿನ ಧೈರ್ಯವಿಲ್ಲ. ನೀವು ನಂಬಬೇಕೆಂದು ಇದನ್ನು ಬರೆಯುತ್ತಿಲ್ಲ. ಯಾರಿಗೂ ಹೇಳದ ಒಂದು ಸಂಗತಿ ಇದರಲ್ಲಿದೆ, ಅದನ್ನೂ ಸೇರಿಸಿ ಒಮ್ಮೆ ಪೂರ್ತಿ ಹೇಳಿಬಿಡೋಣ ಅನ್ನಿಸಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಮೈಸೂರಿನ ಅಂಚಿನ ಹಿನಕಲ್ಲಿನ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಸುತ್ತ ಖಾಲಿ ಸೈಟುಗಳು, ನಡುನಡುವೆ ಇನ್ನೂ ಉಳಿದಿದ್ದ ರಾಗಿ ಹೊಲದ ಚೂರುಗಳು. ನನ್ನ ಗಂಡನಿಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಶಿಫ್ಟ್ ಇದ್ದರೆ ಐದಕ್ಕೆಲ್ಲ ಮನೆ ಬಿಡುತ್ತಿದ್ದರು. ಪಕ್ಕದ ಮನೆಯಲ್ಲಿ ಸವಿತ, ಅವಳ ಗಂಡ, ಅತ್ತೆ ಪುಟ್ಟತಾಯಮ್ಮ. ಎರಡು ಮನೆಗಳ ನಡುವೆ ಸೊಂಟದೆತ್ತರದ ಗೋಡೆ, ಅದರಲ್ಲಿ ಓಡಾಡಲು ಬಿಟ್ಟ ಒಂದು ಸಂದು. ನಾನು ಸ್ಕೂಲಿನಿಂದ ಬರುವುದನ್ನೇ ಕಾದಿದ್ದು ಸವಿತ ಆ ಸಂದಿನಿಂದ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಹರಟುತ್ತಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು, ಬಾಯಿತುಂಬ 'ಅಕ್ಕ' ಎನ್ನುತ್ತಿದ್ದಳು. ನನಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳು ಬಸುರಿಯಾದಾಗ ಮೊದಲು ಹೇಳಿದ್ದು ನನಗೆ, ಆಮೇಲೆ ಅತ್ತೆಗೆ.

ಏಳನೇ ತಿಂಗಳಲ್ಲಿ ಸೀಮಂತ ಮಾಡಿದರು. ಹಿಂದಿನ ದಿನ ಸಂಜೆಯೆಲ್ಲ ಕೂತು ಕೊಬ್ಬರಿ ಮಿಠಾಯಿ ಮಾಡಿಕೊಟ್ಟಿದ್ದೆ. ನನ್ನ ಪಾತಿಯ ಮಲ್ಲಿಗೆಯನ್ನೇ ಕಟ್ಟಿ ಅವಳ ಜಡೆಗೆ ಮುಡಿಸಿದ್ದೆ. ಆರತಿಯ ಹೊತ್ತಿಗೆ ಎಲ್ಲರ ಜೊತೆ ನಾನೂ ಎದ್ದೆ. ಪುಟ್ಟತಾಯಮ್ಮ ತುಂಬಿದ ಮನೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ನೀವು ಕೂತ್ಕಳಿ ಮೇಡಮ್ಮೋರೆ. ಮೊದ್ಲು ಮಕ್ಳೊಂದಿಗ್ರು ಬರ್ಲಿ" ಎಂದರು. 'ಮೊದ್ಲು' ಎಂದದ್ದು ಬಾಯಿಮಾತಿಗೆ. ಕೊನೆಯವರೆಗೂ ನನ್ನನ್ನು ಕರೆಯಲಿಲ್ಲ. ಸವಿತ ತಲೆ ತಗ್ಗಿಸಿ ಬಳೆ ಸರಿಮಾಡಿಕೊಳ್ಳುತ್ತಾ ಕೂತಿದ್ದಳು. ಎದ್ದು ಬಂದರೆ ಅದೇ ಒಂದು ಮಾತಾಗುತ್ತದೆಂದು ಕೂತು ಊಟ ಮಾಡಿದೆ. ಒಬ್ಬಟ್ಟು ಬೇಕಾ ಎಂದರೆ ಹಾಕಿ ಎಂದೆ.

ಸಂಜೆ ಅಕ್ಕಿ ತೊಳೆದ ನೀರನ್ನು ಮಲ್ಲಿಗೆ ಪಾತಿಗೆ ಹುಯ್ಯಲು ಹೋದಾಗ ಅಳು ಒತ್ತರಿಸಿ ಬಂತು. "ಆ ಮುದುಕಿ ಬಾಯಿಗೆ ಹುಳ ಬೀಳ" ಎಂದೆ. ನಮ್ಮ ಕಡೆ ಯಾರು ಬೇಕಾದರೂ ಬಯ್ಯುವ ಬೈಗುಳ ಅದು. ಅಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. "ಅವಳ ಹೊಸಿಲಿಗೂ ಬೀಳಲಿ" ಎಂದೆ. ಅವಳು ಎಂದರೆ ಸವಿತ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲಿಗೆ ಕಚ್ಚಿಕೊಂಡು ಒಳಗೆ ಹೋದೆ.

ಆ ರಾತ್ರಿ ಬಿದ್ದ ಮಳೆಯಂಥದ್ದನ್ನು ನಾನು ಮೈಸೂರಲ್ಲಿ ಹೆಚ್ಚು ಕಂಡಿಲ್ಲ. ಬೆಳಗಿನ ಜಾವ ನಿಂತಿತು. ಗಂಡ ಕೆಲಸಕ್ಕೆ ಹೊರಟ ಮೇಲೆ, ಬೆಳಕು ಹರಿಯುವಾಗ ಬಾಗಿಲು ತೆರೆದೆ. ನನ್ನ ಅಂಗಳದಲ್ಲಿ ಒಂದೇ ಒಂದು ಎರೆಹುಳು ಇರಲಿಲ್ಲ. ರಸ್ತೆಯಲ್ಲೂ ಇಲ್ಲ. ಬೇರೆ ಸಲ ಮಳೆಯ ಮಾರನೆ ದಿನ ಕಾಲಿಡಲು ಜಾಗವಿರುತ್ತಿರಲಿಲ್ಲ. ಪಾತಿಯಿಂದ ಗೋಡೆಯ ಸಂದಿನವರೆಗೆ ಒದ್ದೆ ಮಣ್ಣಿನ ಮೇಲೆ ಅಂಗೈಯಗಲದ ನುಣುಪಾದ ಜಾಡು ಮಾತ್ರ ಇತ್ತು. ಆ ಜಾಡು ಹಿಡಿದು ಸಂದಿನಲ್ಲಿ ಹೋಗಿ ನೋಡಿದೆ.

ಸವಿತಳ ಮನೆಯ ಮೂರು ಮೆಟ್ಟಿಲುಗಳನ್ನೂ ಹತ್ತಿ, ಸಜ್ಜದ ಕೆಳಗಿನ ಒಣ ಸಿಮೆಂಟಿನ ಮೇಲೆ, ಹೊಸಿಲಿಗೆ ತಾಗಿ ಅವು ಬಿದ್ದಿದ್ದವು. ನೂರಿನ್ನೂರಾದರೂ ಇದ್ದಾವು, ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತಾಗಿದ್ದವು. ಎರೆಹುಳುವಿನ ತಲೆಯ ಕಡೆಗೆ ಮೈಬಣ್ಣಕ್ಕಿಂತ ಬೇರೆಯಾದ ಒಂದು ಪಟ್ಟಿ ಇರುತ್ತದೆ. ಹೊರಗೆ ಕಾಣುತ್ತಿದ್ದ ಪಟ್ಟಿಗಳೆಲ್ಲ ಬಾಗಿಲಿನ ಕಡೆಗೇ ಇದ್ದವು.

ನನಗೆ ಮೊದಲು ಹೊಳೆದದ್ದು ಒಂದೇ. ಸವಿತ ಬಾಗಿಲಿಗೆ ನೀರು ಹಾಕಲು ಬರುತ್ತಾಳೆ, ತುಳಿದು ಜಾರುತ್ತಾಳೆ. ಓಡಿ ಹೋಗಿ ಪೊರಕೆ, ಮೊರ, ಒಂದು ಬಟ್ಟಲು ಕಲ್ಲುಪ್ಪು ತಂದೆ. ಜಗಲಿಗೆ ಹುಳ ಬಂದರೆ ನನ್ನಮ್ಮ ಉಪ್ಪು ಹಾಕುತ್ತಿದ್ದರು, ಆ ಗಡಿಬಿಡಿಯಲ್ಲಿ ಅದೇ ನೆನಪಾಯಿತು. ಹಿಡಿ ಉಪ್ಪು ಎರಚುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಪುಟ್ಟತಾಯಮ್ಮ ಹುಳುಗಳನ್ನು ನೋಡಿದರು, ನನ್ನ ಕೈಯ ಉಪ್ಪನ್ನು ನೋಡಿದರು. "ಅಯ್ಯಯ್ಯೋ! ನಮ್ಮ ಒಸ್ಲಿಗೇ ಮಾಟ ಮಾಡ್ಬುಟ್ಟಲ್ಲಮ್ಮಾ! ಓದ್ಕಂಡೋಳು ಅಂತ ನಂಬ್ಕಂಡಿದ್ನಲ್ಲಾ!" ಎಂದು ಎದೆ ಬಡಿದುಕೊಂಡರು. ಅಕ್ಕಪಕ್ಕದವರು ಬಂದು ನಿಂತರು. ಹುಳುಗಳು ತಾವಾಗಿಯೇ ಬಂದಿದ್ದವು, ನಾನು ತೆಗೆಯಲು ಬಂದೆ ಎಂದು ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಅತ್ತೆಯ ಹಿಂದೆ ಸವಿತ ಬಂದು ನಿಂತಿದ್ದಳು. "ನೀನಾದ್ರೂ ಹೇಳೇ ಸವಿತ" ಎಂದೆ. ಅವಳು ಎರಡೂ ಕೈಯನ್ನು ಹೊಟ್ಟೆಗೆ ಅಡ್ಡ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಮುದುಕಿಯ ಮಾತನ್ನು ನಾನು ಮರೆತೇನು, ಆ ಹೆಜ್ಜೆಯನ್ನು ಮರೆಯಲಾರೆ.

ಮೂರನೇ ದಿನ ಗಾರೆಯವನು ಬಂದು ಸಂದಿಗೆ ಇಟ್ಟಿಗೆ ಕಟ್ಟಿದ. ನಾನು ಪಾತಿಯನ್ನು ಮೊಳದಾಳ ಅಗೆದು ನೋಡಿದೆ. ವರ್ಷಗಟ್ಟಲೆ ಸಗಣಿಗೊಬ್ಬರ ತಿಂದ ಮಣ್ಣು, ಒಂದು ಹುಳವೂ ಸಿಗಲಿಲ್ಲ. ಮುಂದಿನ ಮಳೆಗಳಲ್ಲೂ ಬರಲಿಲ್ಲ. ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪರಿಚಯದ ಮೇಷ್ಟ್ರೊಬ್ಬರನ್ನು ಕೇಳಿದೆ. "ನೀರು ಹರಿದ ಕಡೆ ಕೊಚ್ಕೊಂಡು ಹೋಗಿರ್ತವೆ ಕಣಮ್ಮ" ಎಂದರು. ನೀರು ಮೆಟ್ಟಿಲು ಹತ್ತುತ್ತದೆಯೇ ಎಂದು ಕೇಳಿದ್ದಕ್ಕೆ ನಕ್ಕು ಪರೀಕ್ಷೆಯ ಮಾತೆತ್ತಿದರು.

ಸವಿತಳಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಮಗು. ಅದು ಅಳುವುದು, ನಗುವುದು, ಮೊದಲ ತೊದಲು ಎಲ್ಲವನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡೆ. ನಾನು ರಸ್ತೆಗಿಳಿದರೆ ಹೆಂಗಸರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಒಂದೂವರೆ ವರ್ಷ ತಡೆದುಕೊಂಡು, ಆಮೇಲೆ ಅಶೋಕಪುರಂ ಕಡೆಗೆ ಮನೆ ಬದಲಾಯಿಸಿದೆವು.

ಎಂಟೊಂಬತ್ತು ವರ್ಷಗಳ ನಂತರ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಸವಿತ ಸಿಕ್ಕಳು. ತಾನಾಗಿಯೇ ಬಂದು, "ಅಕ್ಕ, ಚೆನ್ನಾಗಿದ್ದೀರಾ?" ಎಂದಳು. ಅತ್ತೆ ತೀರಿಕೊಂಡದ್ದು, ಮಗಳು ಓದುತ್ತಿರುವುದು ಎಲ್ಲ ಹೇಳಿದಳು. ಕ್ಷಮೆ ಕೇಳುತ್ತಾಳೇನೋ ಎಂದು ನಾನು ಹುಚ್ಚಿಯಂತೆ ಕಾದೆ.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅತ್ತೇನೂ ಈಗಿಲ್ಲ, ನಾನೂ ಯಾರ್ಗೂ ಹೇಳಲ್ಲ. ಅವತ್ತು ನೀವೇ ಮಾಡಿದ್ದಾ ಅಕ್ಕ?"

"ಇಲ್ಲ ಕಣೇ" ಎಂದೆ. ಆದರೆ ಆ ಎರಡು ಪದ ಬಾಯಿಂದ ಹೊರಡಲು ತುಂಬ ಹೊತ್ತು ಹಿಡಿಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋಗ್ಲಿ ಬುಡಿ ಅಕ್ಕ, ಆಗೋಯ್ತಲ್ಲ" ಎಂದು ಬಸ್ಸು ಹತ್ತಿದಳು.

ಅವಳಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.